ಶುಕ್ರಕ್ಕೆ ಹೊರಟ ಹಾಯಿಹಡಗು: ಚುಕ್ಕಾಣಿ ತಿರುವಿದರೆ ಸಾಕೇ?

ಆನೆಗೊಂದಿ ಹರಿಗೋಲು: ಗುಂಪಿನಾಗ ಓದ್ತಿರೋ ಕಾದಂಬರಿಯ ಮೂರನೇ ಅಧ್ಯಾಯದಾಗ ಹಡಗು ಶುಕ್ರಕ್ಕೆ, ಅಂದ್ರ ಸೂರ್ಯನ ಕಡೆ ಹೊರಡ್ತದ. ಬೆಳಕೇ ಗಾಳಿ. ನಾಯಕಿ ಚುಕ್ಕಾಣಿ ತಿರುವಿ, ಕಡಲಾಗ ಮಾಡೋ ಹಂಗ ಎದುರುಗಾಳಿಗೆ ಅಂಕುಡೊಂಕಾಗಿ ಸಾಗ್ತಾಳ. ಇದು ನಡೆಯಂಗಿಲ್ರಿ. ಕಡಲ ಹಡಗಿನ ತಳದ ಕೀಲ್ ನೀರಿಗೆ ಆನಿಕೊಂಡು ಪಕ್ಕಕ್ಕೆ ಜಾರೋದನ್ನ ತಡೀತದ, ಅದಕ್ಕೇ ಹಡಗು ಮುಂದಕ್ಕೆ ಹೋಗ್ತದ. ತುಂಗಭದ್ರೆಯ ಹರಿಗೋಲಿಗೆ ಕೀಲ್ ಇಲ್ಲ. ಹುಟ್ಟು ಒಂದೇ ಬದಿಗೆ ಹಾಕಿದ್ರ ಗರಗರ ತಿರುಗ್ತದ. ಬಾಹ್ಯಾಕಾಶದಾಗ ಆನಿಕೊಳ್ಳಾಕ ನೀರೇ ಇಲ್ಲ.

ಬಳ್ಳಾರಿ ಕೋಟೆ: ಇದು ಫ್ಯಾಂಟಸಿ. ಮಾತಾಡುವ ತಿಮಿಂಗಿಲವನ್ನು ಒಪ್ಪಿದ ಮೇಲೆ ಕೀಲ್ ಬಗ್ಗೆ ತಕರಾರು ಯಾಕೆ?

ಆನೆಗೊಂದಿ ಹರಿಗೋಲು: ತಿಮಿಂಗಿಲ ಮೊದಲ ಪುಟದಾಗೇ ಬಂತು, ಒಪ್ಪಿದ್ವಿ. ಬೆಳಕು ಬಿಟ್ಟು ಬೇರೆ ಯಾವುದೂ ನೂಕಂಗಿಲ್ಲ ಅಂತ ಎರಡನೇ ಅಧ್ಯಾಯದಾಗ ಬರದವರೂ ಲೇಖಕರೇ. ತಾವೇ ಹಾಕಿದ ಕಟ್ಟು ಮುರಿದ್ರ ಮುಂದ ಬರೋ ಗಂಡಾಂತರಕ್ಕ ಯಾರೂ ಹೆದರಂಗಿಲ್ಲ.

ರಾಯಚೂರು ಓದುಗ: ಕಟ್ಟು ಮುರಿಯದೆಯೂ ಶುಕ್ರಕ್ಕೆ ಹೋಗಬಹುದು. ಭೂಮಿಯ ಜೊತೆ ಹಡಗೂ ಸೂರ್ಯನನ್ನು ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸುತ್ತುತ್ತಿರುತ್ತದೆ. ಹಾಯಿಯನ್ನು ಸುಮಾರು 35 ಡಿಗ್ರಿ ಓರೆ ಮಾಡಿ, ಸಾಗುವ ದಿಕ್ಕಿಗೆ ಎದುರಾಗಿ ನೂಕು ಬೀಳುವಂತೆ ಹಿಡಿದರೆ ಆ ವೇಗ ಕುಗ್ಗುತ್ತದೆ. ಆಮೇಲೆ ಸೂರ್ಯನ ಸೆಳೆತವೇ ಹಡಗನ್ನು ಸುರುಳಿ ಹಾದಿಯಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆ. ಓರೆಯನ್ನು ಆಚೆ ಬದಿಗೆ ತಿರುಗಿಸಿದರೆ ಮಂಗಳದ ಹಾದಿ. ಕೀಲ್‌ನ ಜಾಗದಲ್ಲಿ ಗುರುತ್ವ ಇದೆ.

ಚುಕ್ಕಾಣಿಗೂ ದಾರಿ ಇದೆ. 2010ರಲ್ಲಿ ಹಾರಿದ ಜಪಾನಿನ ಇಕಾರೋಸ್ ನೌಕೆಯ ಹಾಯಿ 14 ಮೀಟರ್ ಚೌಕ, 7.5 ಮೈಕ್ರೋಮೀಟರ್ ದಪ್ಪ. ಕೂವೆಮರವೇ ಇರಲಿಲ್ಲ; ಮೂಲೆಗಳಿಗೆ ಅರ್ಧರ್ಧ ಕೆ.ಜಿ. ತೂಕ ಕಟ್ಟಿ, ನೌಕೆಯನ್ನು ತಿರುಗಿಸಿಯೇ ಹಾಯಿ ಬಿಚ್ಚಿದರು. ಅಂಚಿನ ದ್ರವಸ್ಫಟಿಕ ಪಟ್ಟಿಗಳ ಹೊಳಪನ್ನು ಬದಲಿಸಿ ಹಾಯಿಯ ಮುಖ ತಿರುಗಿಸುತ್ತಿದ್ದರು. ಕಾದಂಬರಿಯಲ್ಲಿ ನಾವಿಕರು ಒಂದು ಅಂಚಿನ ಮೇಲೆ ಕಪ್ಪು ಪರದೆ ಎಳೆಯಲಿ. ಕಪ್ಪು ಬೆಳಕನ್ನು ನುಂಗುತ್ತದೆ, ಕನ್ನಡಿಯಂತೆ ಹಿಂದಕ್ಕೆ ಎಸೆಯುವುದಿಲ್ಲ, ಹಾಗಾಗಿ ಅಲ್ಲಿ ನೂಕು ಅರ್ಧಕ್ಕಿಳಿಯುತ್ತದೆ. ಹಾಯಿಯ ಆ ಅಂಚು ನಿಧಾನಕ್ಕೆ ಸೂರ್ಯನ ಕಡೆಗೆ ಬಾಗುತ್ತದೆ. ಪರದೆ ಹಗ್ಗಕ್ಕೆ ಸಿಕ್ಕಿಕೊಂಡಿತೋ, ಹಡಗು ಹರಿಗೋಲಿನ ಹಾಗೆ ತಿರುಗತೊಡಗುತ್ತದೆ, ಮತ್ತೆ ತಾನಾಗಿ ನಿಲ್ಲುವುದಿಲ್ಲ. ಯಾರಾದರೂ ಹಾಯಿಯ ಮೇಲೆ ತೆವಳಿಕೊಂಡು ಹೋಗಿ ಬಿಡಿಸಬೇಕು!

ಬಳ್ಳಾರಿ ಕೋಟೆ: ಈ ಪರದೆಯ ದೃಶ್ಯ ಬೇಕೇ ಬೇಕು. ಆದರೆ ಒಂದೇ ರಾತ್ರಿಯಲ್ಲಿ ಶುಕ್ರ ಮುಟ್ಟುವುದು?

ರಾಯಚೂರು ಓದುಗ: ಭೂಮಿಯಷ್ಟು ದೂರದಲ್ಲಿ, ಬೆಳಕಿಗೆ ನೇರ ಹಿಡಿದ ಒಂದು ಚದರ ಕಿ.ಮೀ. ಕನ್ನಡಿ ಹಾಯಿಗೆ ಬೀಳುವ ನೂಕು ಸುಮಾರು 9 ನ್ಯೂಟನ್, ಅಂದರೆ ಕೈಯಲ್ಲಿ ಹಿಡಿದ ಒಂದು ಕೆ.ಜಿ.ಗಿಂತಲೂ ಕಡಿಮೆ. ಹಾಯಿಯೂ ಸೇರಿ 100 ಟನ್ ಹಡಗಾದರೆ ಇಡೀ ದಿನದಲ್ಲಿ ವೇಗ ಬದಲಾಗುವುದು ಸೆಕೆಂಡಿಗೆ 8 ಮೀಟರ್‌ನಷ್ಟೇ. ಹತ್ತಿರ ಹೋದಷ್ಟೂ ನೂಕು ಏರುತ್ತದೆ, ದೂರ ಅರ್ಧವಾದರೆ ನಾಲ್ಕು ಪಟ್ಟು. ಆದರೂ ಒಂದು ರಾತ್ರಿ ಸಾಲದು.

ಬಳ್ಳಾರಿ ಕೋಟೆ: ವರ್ಷಗಟ್ಟಲೆ ಪಯಣ ಬರೆದರೆ ಕಥೆ ಸೊರಗುತ್ತದೆ. ಹಾಯಿಯ ಬಟ್ಟೆಗೇ ಮಂತ್ರ ಇರಲಿ, ಬೆಳಕಿನ ನೂಕನ್ನು ಹತ್ತು ಪಟ್ಟು ಹೆಚ್ಚಿಸಲಿ, ಪಯಣ ತಿಂಗಳುಗಳಿಗೆ ಇಳಿಯಲಿ.

ಆನೆಗೊಂದಿ ಹರಿಗೋಲು: ಒಪ್ಪಿದೆ, ಎರಡನೇ ಅಧ್ಯಾಯದಾಗೇ ಹೇಳಿಬಿಟ್ರ ಸಾಕು. ಹಂಗೇ 'ಮೂತಿಯನ್ನು ಸೂರ್ಯನಿಗೆ ನೆಟ್ಟು ಹೊರಟಿತು' ಅನ್ನೋ ಸಾಲೂ ತಿದ್ದಬೇಕು. ಈ ಹಡಗಿಗೆ ಸೂರ್ಯ ಯಾವಾಗ್ಲೂ ಪಕ್ಕದಾಗ ಇರ್ತಾನ.