ಆಫ್ರಿಕನ್ ವಯೊಲೆಟ್ ಕುಂಡ ಬದಲಿಸುವುದು ಹೇಗೆ? ಸಹಾಯ ಬೇಕು

ನಮಸ್ಕಾರ್ರಿ. ಧಾರವಾಡದ ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ ಒಂದು ಆಫ್ರಿಕನ್ ವಯೊಲೆಟ್ ಇದೆ. ಎರಡು ವರ್ಷದಿಂದ ಅದೇ 3 ಇಂಚಿನ ಪ್ಲಾಸ್ಟಿಕ್ ಕುಂಡ. ಕೆಳಗಿನ ಎಲೆ ಉದುರಿ ಉದುರಿ ಈಗ ಒಂದಿಂಚು ಬೋಳು ಕಾಂಡ ಕಾಣುತ್ತಿದೆ, ಕೋಳಿ ಕತ್ತಿನ ಹಾಗೆ. ಮೇಲೆ ಮಾತ್ರ ಮಖಮಲ್ಲಿನಂಥ ಎಲೆ, ಎರಡು ನೇರಳೆ ಹೂವು.

ಹೋದ ವರ್ಷ ಇನ್ನೊಂದು ಗಿಡವನ್ನು ಸುಮ್ನೆ ದೊಡ್ಡ ಕುಂಡದಲ್ಲಿ, ಹಿತ್ತಲಿನ ಎರಿ ಮಣ್ಣಲ್ಲಿ ಹಾಕಿ ಕೊಳೆಸಿಬಿಟ್ಟೆ. ತಪ್ಪು ನಂದೇ. ಈ ಸಲ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಹಗುರವಾದ ಬಿಳಿ ಹರಳು) ತಂದಿಟ್ಟಿದ್ದೇನೆ. ಬೋಳು ಕಾಂಡ ಮೆಲ್ಲಗೆ ಕೆರೆದು, ಬೇರಿನ ಉಂಡೆಯನ್ನು ತಳದಿಂದ ಆ ಬೋಳು ಕಾಂಡದಷ್ಟೇ ಉದ್ದ ಕತ್ತರಿಸಿ, ಅದೇ ಅಳತೆಯ ಕುಂಡದಲ್ಲಿ ಎಲೆ ಅಂಚಿಗೆ ಬರುವ ಹಾಗೆ ಇಳಿಸಬೇಕು, ಅಲ್ವಾ? ಹೂವನ್ನು ಮೊದಲೇ ಚಿವುಟಬೇಕಾ? ಮಳೆ ಜಾಸ್ತಿ ಆಗುವ ಮುಂಚೆ ಮುಗಿಸಲಾ? ಬೆಳೆಸಿದವರು ಹೇಳ್ರಿ.