ಆರ್‌ಎ ಇರುವವರಿಗೆ ಕೈ ಜೋಮು, ಪಾದದ ಉರಿ: ಮಣಿಕಟ್ಟೋ, ಕತ್ತೋ, ಮಾತ್ರೆಯೋ?

ಜಯನಗರ ಫಿಸಿಯೋ
56 ವರ್ಷದ ಮಹಿಳೆ, 12 ವರ್ಷದಿಂದ ರುಮಟಾಯ್ಡ್ ಆರ್ತ್ರೈಟಿಸ್ (ಆರ್‌ಎ, ಕೀಲುಗಳ ಉರಿಯೂತ). ಮೆಥೊಟ್ರೆಕ್ಸೇಟ್, ಫೋಲಿಕ್ ಆಸಿಡ್, ಲೆಫ್ಲುನೊಮೈಡ್ ನಡೆಯುತ್ತಿವೆ. ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಕಡಿಮೆ. ಈಗ ಎರಡೂ ಪಾದ ಉರಿ, ರವಿಕೆ ಹುಕ್ಕು ಹಾಕಲು ಬೆರಳು ತಡವರಿಸುತ್ತವೆ. ಕತ್ತಿಗೆ ಟ್ರಾಕ್ಷನ್ (ಕತ್ತನ್ನು ಎಳೆದು ಹಿಗ್ಗಿಸುವ ಚಿಕಿತ್ಸೆ) ಬರೆದಿದ್ದಾರೆ. ಕೊಡಬಹುದೇ?

ನರ ಮತ್ತು ಬೆನ್ನುಹುರಿ
ದಯವಿಟ್ಟು ಕೊಡಬೇಡಿ. ಆರ್‌ಎ ಉರಿಯೂತ ಕತ್ತಿನ ಮೊದಲೆರಡು ಮೂಳೆಗಳನ್ನು ಹಿಡಿದಿಡುವ ಅಡ್ಡ ಲಿಗಮೆಂಟನ್ನು ಸವೆಸುತ್ತದೆ. ಆಗ ತಲೆ ಬಗ್ಗಿಸಿದರೆ ಮೊದಲ ಮೂಳೆ (ಸಿ1) ಎರಡನೆಯದರ (ಸಿ2) ಮೇಲೆ ಮುಂದಕ್ಕೆ ಜಾರುತ್ತದೆ, ಬೆನ್ನುಹುರಿ ಹಿಚುಕಿಕೊಳ್ಳುತ್ತದೆ. ಕತ್ತು ನೋವೇ ಇಲ್ಲದೆಯೂ ಹೀಗಾಗುತ್ತದೆ.

ಮೊದಲು ಹಾಫ್‌ಮನ್ (ನಡುಬೆರಳ ಉಗುರು ಚಿಮ್ಮಿಸಿದಾಗ ಹೆಬ್ಬೆರಳು ಬಾಗಿದರೆ ಪಾಸಿಟಿವ್, ಬೆನ್ನುಹುರಿ ಒತ್ತಡದ ಸೂಚನೆ), ಮಂಡಿ ರಿಫ್ಲೆಕ್ಸ್, ನಡಿಗೆ ನೋಡಿ. ಕತ್ತು ಬಗ್ಗಿಸಿದಾಗ ಬೆನ್ನಿಗುಂಟ ಶಾಕ್ ಹೊಡೆದಂತಾಗುತ್ತದೆಯೇ ಎಂದು ಬಾಯಲ್ಲಿ ಕೇಳಿ, ಬಗ್ಗಿಸಿ ಪರೀಕ್ಷಿಸಬೇಡಿ. ಕತ್ತು ಬಗ್ಗಿಸಿ, ಎತ್ತಿ ತೆಗೆಯುವ ಪಕ್ಕದ ಎಕ್ಸ್‌ರೇಯನ್ನು ವೈದ್ಯರ ಎದುರೇ ತೆಗೆಸಬೇಕು. ಸಿ1ರ ಮುಂಭಾಗಕ್ಕೂ ಸಿ2ರ ಗೂಟಕ್ಕೂ ನಡುವಿನ ಅಂತರ 3 ಮಿ.ಮೀ. ಮೀರಿದರೆ ಕೀಲು ಸಡಿಲ. ಹಿಂದೆ ಬೆನ್ನುಹುರಿಗೆ ಉಳಿದ ಜಾಗ 14 ಮಿ.ಮೀ.ಗಿಂತ ಕಡಿಮೆಯಾದರೆ ಅಪಾಯ, ಎಂಆರ್‌ಐ ಬೇಕೇ ಬೇಕು.

ಕ್ಷೌರದಂಗಡಿಯಲ್ಲಿ ಕತ್ತು ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವ ರೂಢಿ ನಮ್ಮಲ್ಲಿದೆಯಲ್ಲ, ಆರ್‌ಎ ಇರುವ ಗಂಡಸರಿಗೂ ಅದು ಬೇಡವೆಂದು ಹೇಳಿ. ಯಾವುದೇ ಆಪರೇಷನ್‌ಗೆ ಮುಂಚೆ ಅರಿವಳಿಕೆ ವೈದ್ಯರಿಗೆ ಆರ್‌ಎ ವಿಷಯ ತಿಳಿಸಲೇಬೇಕು.

ಕೈ ಚಿಕಿತ್ಸೆ
ರಾತ್ರಿಯ ಜೋಮು ಹೆಬ್ಬೆರಳಿನಿಂದ ಉಂಗುರ ಬೆರಳಿನ ಅರ್ಧದವರೆಗೆ ಮಾತ್ರವಿದ್ದರೆ ಕಾರ್ಪಲ್ ಟನಲ್ ಇರಬಹುದು. ಮಣಿಕಟ್ಟಿನಲ್ಲಿ ಸ್ನಾಯುರಜ್ಜುಗಳ ಪೊರೆ ಊದಿ ಮೀಡಿಯನ್ ನರವನ್ನು ಒತ್ತುತ್ತದೆ. ಮಣಿಕಟ್ಟು ನೇರವಾಗಿರುವಂತೆ ರಾತ್ರಿ ಸ್ಪ್ಲಿಂಟ್, ಜೊತೆಗೆ ನರವಾಹಕ ಪರೀಕ್ಷೆ. ಹೆಬ್ಬೆರಳ ಬುಡದ ಮಾಂಸ ಇಳಿದಿದ್ದರೆ ತಡಮಾಡದೆ ಸರ್ಜನ್ ಬಳಿ ಕಳಿಸಿ. ಆದರೆ ಹುಕ್ಕು ಹಾಕಲಾಗದ್ದನ್ನು ಇದರ ಲೆಕ್ಕಕ್ಕೇ ಹಾಕಿಬಿಡಬೇಡಿ, ಅದು ಬೆನ್ನುಹುರಿಯದೂ ಇರಬಹುದು.

ಔಷಧ ವಿಚಾರ
ಪಾದದ ಉರಿಗೆ ಲೆಫ್ಲುನೊಮೈಡ್ ಮೇಲೆ ಅನುಮಾನವಿರಲಿ. ಅದು ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ, ನಿಲ್ಲಿಸುವ ತೀರ್ಮಾನ ರುಮಟಾಲಜಿಸ್ಟರದ್ದು. ಸಕ್ಕರೆ, ಬಿ12 ನೋಡಿಸಿ. ಫೋಲಿಕ್ ಆಸಿಡ್ ತೆಗೆದುಕೊಳ್ಳುವವರಲ್ಲಿ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿ, ನರದ ಹಾನಿ ಮಾತ್ರ ಮುಂದುವರಿಯಬಹುದು. ಪಾದ ಅಥವಾ ಮಣಿಕಟ್ಟು ಏಕಾಏಕಿ ಜೋತುಬಿದ್ದರೆ ರಕ್ತನಾಳದ ಉರಿಯೂತವೆಂದು ಶಂಕಿಸಿ, ಅವತ್ತೇ ಆಸ್ಪತ್ರೆ.

ಜಯನಗರ ಫಿಸಿಯೋ
ಟ್ರಾಕ್ಷನ್ ರದ್ದು. ಹಾಫ್‌ಮನ್ ಎರಡೂ ಕಡೆ ಪಾಸಿಟಿವ್. ಸಾಫ್ಟ್ ಕಾಲರ್ ಹಾಕಿ ಕಳಿಸಲೇ?

ನರ ಮತ್ತು ಬೆನ್ನುಹುರಿ
ಸಾಫ್ಟ್ ಕಾಲರ್ ಜಾರುವುದನ್ನು ತಡೆಯುವುದಿಲ್ಲ, ಗಟ್ಟಿ ಕಾಲರ್ ಹಾಕಿ. ಆಟೋ ಬೇಡ, ಹಂಪುಗಳಲ್ಲಿ ಕತ್ತು ಕುಲುಕುತ್ತದೆ. ಕಾರಿನಲ್ಲಿ ನಿಧಾನವಾಗಿ, ನ್ಯೂರೋಸರ್ಜರಿ ಇರುವ ಕಡೆಗೆ, ಇವತ್ತೇ.