ನೆಲದಡಿಯ ಸಂಪ್ ಒಳಗೆ ಕೋಟಿಂಗ್: ಪರ್ಮಿಟ್ ವಾರಕ್ಕೊಂದೋ, ಪಾಳಿಗೊಂದೋ?

ಪ್ಲಾನಿಂಗ್_ಟೇಬಲ್: ಸಂಪ್ ಒಳಗೋಡೆಗೆ ಟೊಲ್ಯೂಯಿನ್ ಥಿನ್ನರ್ ಇರೋ ಪ್ರೈಮರ್, ಮೇಲೆ ಎಪಾಕ್ಸಿ. ಜಾಗ ಅದೇ, ಗ್ಯಾಂಗ್ ಅದೇ. ಒಳಗೆ ಇಳಿಯೋಕೆ ಪಾಳಿಗೊಂದು ಪರ್ಮಿಟ್ (ಕೆಲಸದ ಅನುಮತಿ ಪತ್ರ) ಬರೆಯೋದು ಕಾಗದ ದಂಡ. ವಾರಕ್ಕೊಂದು ಪರ್ಮಿಟ್ ಕೊಟ್ಟು, ದಿನಾ ಬೆಳಿಗ್ಗೆ ಗ್ಯಾಸ್ ಟೆಸ್ಟ್ ಮಾಡಿ ಸಹಿ ಹಾಕಿದ್ರೆ ಸಾಕು. ಮೀಟರ್ ಎಲ್‌ಇಎಲ್‌ನ (ಆವಿ ಹೊತ್ತಿಕೊಳ್ಳೋಕೆ ಗಾಳಿಯಲ್ಲಿ ಬೇಕಾದ ಕನಿಷ್ಠ ಪ್ರಮಾಣ) 10 ಪರ್ಸೆಂಟ್ ಒಳಗಿದ್ರೆ ಇಳೀಬಹುದು.

ಸೇಫ್ಟಿಕಣ್ಣು: ಜಾಗ ಅದೇ ಸರ್, ಗಾಳಿ ಅದಲ್ಲ. ಬೆಳಿಗ್ಗೆ ಟೆಸ್ಟ್ ಮಾಡುವಾಗ ಡಬ್ಬದ ಮುಚ್ಚಳ ಹಾಕಿರುತ್ತೆ, ರೋಲರ್ ಓಡಿದ ಮೇಲೆ ತಾನೇ ಆವಿ ಏಳೋದು? ಪಾಳಿ ಬದಲಾದಾಗ ಪರ್ಮಿಟ್ ಕೈ ಬದಲಾಗದಿದ್ರೆ ಏನಾಗುತ್ತೆ ಅನ್ನೋದಕ್ಕೆ 1988ರ ಪೈಪರ್ ಆಲ್ಫಾ ತೈಲ ಪ್ಲಾಟ್‌ಫಾರ್ಮ್ ಸ್ಫೋಟ ನೋಡಿ. ಪಂಪ್ ರಿಪೇರಿಗೆ ಒಂದು ಪರ್ಮಿಟ್, ಅದರ ಸೇಫ್ಟಿ ವಾಲ್ವ್ ಬಿಚ್ಚಿದ್ದಕ್ಕೆ ಇನ್ನೊಂದು. ರಾತ್ರಿ ಪಾಳಿಯವರಿಗೆ ಎರಡನೆಯದು ಗೊತ್ತಾಗಲಿಲ್ಲ, ಪಂಪ್ ಚಾಲೂ ಮಾಡಿದ್ರು. 167 ಜನ ಹೋದ್ರು.

ಫೋರ್‌ಮನ್_ಕಟ್ಟೆ: ನೀವೇ ಹೇಳಿದ್ರಿ, ಅಲ್ಲಿ ಎರಡೆರಡು ಪರ್ಮಿಟ್ ಇತ್ತು. ಕಾಗದ ಯಾರನ್ನ ಉಳಿಸ್ತು? ಅದೂ ಸಮುದ್ರದ ಮಧ್ಯದ ಪ್ಲಾಟ್‌ಫಾರ್ಮ್, ಇದು ನೀರಿನ ತೊಟ್ಟಿ ಕಣ್ರೀ.

ಗ್ಯಾಸ್‌ಮೀಟರ್: ಪೈಪರ್ ಆಲ್ಫಾ ಬಿಡಿ. "ಎಲ್‌ಇಎಲ್ 10 ಒಳಗಿದ್ರೆ ಇಳೀಬಹುದು" ಅನ್ನೋ ಮಾತಿದೆಯಲ್ಲ, ಅದು ಜನರನ್ನ ಕೊಲ್ಲೋ ಮಾತು. ಟೊಲ್ಯೂಯಿನ್ ಎಲ್‌ಇಎಲ್ 1.1 ಪರ್ಸೆಂಟ್, ಅಂದ್ರೆ 11,000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 11,000 ಪಾಲು). ಮೀಟರ್ ಅದರ 5 ಪರ್ಸೆಂಟ್ ತೋರಿಸಿದ್ರೆ ಗಾಳಿಯಲ್ಲಿ 550 ಪಿಪಿಎಂ. ಪ್ರಾಣಕ್ಕೆ ತಕ್ಷಣ ಅಪಾಯ ಅಂತ ಅಮೆರಿಕದ ಕೆಲಸದ ಸುರಕ್ಷತಾ ಸಂಸ್ಥೆ ಎನ್‌ಐಒಎಸ್‌ಎಚ್ ಇಟ್ಟಿರೋ ಗೆರೆ 500. ಅಲಾರಂ ಕೂಗಲ್ಲ, ಒಳಗಿರೋನಿಗೆ ತಲೆ ತಿರುಗ್ತಿರುತ್ತೆ.

ಪ್ಲಾನಿಂಗ್_ಟೇಬಲ್: ಹಾಗಾದ್ರೆ 10ಕ್ಕೆ ಅಲಾರಂ ಇಟ್ಟ ಮೀಟರ್ ಕಂಪನಿಗಳೆಲ್ಲ ದಡ್ಡರಾ?

ಗ್ಯಾಸ್‌ಮೀಟರ್: ಆ ಅಲಾರಂ ಬೆಂಕಿಗೆ, ಶ್ವಾಸಕ್ಕಲ್ಲ. ಇನ್ನೊಂದು ವಿಷಯ, ಮೀಥೇನ್‌ಗೆ ಕ್ಯಾಲಿಬ್ರೇಟ್ ಮಾಡಿದ ಸೆನ್ಸರ್ ಟೊಲ್ಯೂಯಿನ್‌ನ ಕಡಿಮೆಯೇ ತೋರಿಸುತ್ತೆ. ನಿಮ್ಮ 5 ನಿಜದಲ್ಲಿ 5 ಆಗಿರಲ್ಲ, ಜಾಸ್ತಿ. ಆವಿ ಅಳೆಯೋಕೆ ಪಿಐಡಿ ಮೀಟರ್ (ಯುವಿ ಬೆಳಕಿನಿಂದ ಆವಿಯನ್ನ ಪಿಪಿಎಂನಲ್ಲಿ ಅಳೆಯೋದು) ಬೇಕು.

ಫೋರ್‌ಮನ್_ಕಟ್ಟೆ: ಪಿಐಡಿ ಎಲ್ಲರ ಹತ್ರ ಇರುತ್ತಾ? ಆವಿ ಸೋಸೋ ಕಾರ್ಟ್ರಿಜ್ ಮಾಸ್ಕ್ ಕೊಟ್ಟು ಇಳಿಸಿ, ಮುಗೀತು.

ಗ್ಯಾಸ್‌ಮೀಟರ್: ಮುಗೀತು ಅಂದ್ರೆ ಅವನದೇ ಮುಗೀತು! ಕಾರ್ಟ್ರಿಜ್ ಆಕ್ಸಿಜನ್ ಹುಟ್ಟಿಸಲ್ಲ. ಆಕ್ಸಿಜನ್ 19.5 ಪರ್ಸೆಂಟ್‌ಗಿಂತ ಕೆಳಗಿದ್ರೆ ಅಥವಾ ಆ 500ರ ಗೆರೆ ದಾಟಿದ್ರೆ ಹೊರಗಿನ ಗಾಳಿ ಕೊಡೋ ಉಪಕರಣವೇ ಬೇಕು. ಆಕ್ಸಿಜನ್ ಮೊದಲು ನೋಡೋದೂ ಇದಕ್ಕೇ. ಆಕ್ಸಿಜನ್ ತೀರಾ ಇಳಿದಿದ್ರೆ ಎಲ್‌ಇಎಲ್ ಸೆನ್ಸರ್ ಒಳಗಿನ ಮಣಿ ಮೇಲೆ ಆವಿ ಉರಿಯಲ್ಲ, ಸುಳ್ಳು ಸೊನ್ನೆ ಕೊಡುತ್ತೆ.

ಹಳೇಮೇಸ್ತ್ರಿ: ಮೇಲಿಂದ ಒಂದು ಬ್ಲೋವರ್ ಬಿಟ್ರೆ ಇದ್ಯಾವುದೂ ಬೇಕಾಗಿಲ್ಲ ಸ್ವಾಮಿ.

ಗ್ಯಾಸ್‌ಮೀಟರ್: ಈ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ ಮೇಸ್ತ್ರಿಗಳೇ, ತಳದಲ್ಲೇ ಮಲಗಿರುತ್ತೆ. ಡಕ್ಟ್ ಬಾಯಿ ತಳದ ಹತ್ರ ಹೋಗ್ಬೇಕು. ಗಾಳಿ ಎಳೆಯೋ ಬಾಯಿ ಜನರೇಟರ್ ಹೊಗೆಯಿಂದ ದೂರ. ಮೋಟರ್ ಕಿಡಿ ಹಾರಿಸೋ ಜಾತಿಯದಾದ್ರೆ ನೀವೇ ಬೆಂಕಿ ಹಚ್ಚಿದ ಹಾಗೆ. ಟೆಸ್ಟ್ ಕೂಡ ಮೇಲೆ, ಮಧ್ಯೆ, ತಳ, ಪ್ರತಿ ಕಡೆ ಮೀಟರ್‌ಗೆ ಗಾಳಿ ಎಳೆಯೋ ಟ್ಯೂಬ್ ತುಂಬೋವರೆಗೂ ಕಾದು. ಟ್ಯೂಬ್ ಇಳಿಬಿಟ್ಟು ತಕ್ಷಣ ಸಂಖ್ಯೆ ಬರೆದುಕೊಂಡ್ರೆ ಅದು ಬಾಯಿ ಹತ್ರದ ಗಾಳಿಯ ಲೆಕ್ಕ.

ಹಳೇಮೇಸ್ತ್ರಿ: "ಸುಮಾರು" ಮೂರು ಪಟ್ಟು! ಸುಮಾರು ಲೆಕ್ಕ ಇಟ್ಕೊಂಡು ನಮಗೆ ಪಾಠ ಬೇರೆ.

ಗ್ಯಾಸ್‌ಮೀಟರ್: 3.1. ತೃಪ್ತಿಯಾಯ್ತಾ?

ಸೇಫ್ಟಿಕಣ್ಣು: ಪರ್ಮಿಟ್ ಪ್ರಶ್ನೆ ಎಲ್ಲೋ ಕಳೆದುಹೋಯ್ತು. ಸಂಪ್ ಬಾಯಿ ಪಕ್ಕದಲ್ಲೇ ಪೈಪ್ ವೆಲ್ಡಿಂಗ್‌ಗೆ ಹಾಟ್ ವರ್ಕ್ (ಬೆಂಕಿ, ಕಿಡಿ ಬರೋ ಕೆಲಸದ) ಪರ್ಮಿಟ್ ಬಂತು ಅಂದ್ಕೊಳ್ಳಿ. ಸೋಮವಾರ ಬರೆದ ನಿಮ್ಮ ವಾರದ ಹಾಳೆಯಲ್ಲಿ ಅದು ಎಲ್ಲಿರುತ್ತೆ? ಎರಡೂ ಒಂದೇ ಬೋರ್ಡ್ ಮೇಲೆ, ಒಂದರ ನಂಬರ್ ಇನ್ನೊಂದರಲ್ಲಿ ಇರ್ಬೇಕು. ಪಾಳಿ ಮುಗಿದಾಗ ತಲೆ ಎಣಿಸಿ ಪರ್ಮಿಟ್ ಕ್ಲೋಸ್ ಮಾಡ್ಬೇಕು.

ಪ್ಲಾನಿಂಗ್_ಟೇಬಲ್: ಬೋರ್ಡ್ ಇಡೋಣ, ಯಾರು ಬೇಡ ಅಂದ್ರು? ಒಳಗಿರೋರಿಗೆ ನಿರಂತರ ಮೀಟರನ್ನೂ ಕಟ್ಟೋಣ. ಪರ್ಮಿಟ್ ಮಾತ್ರ ವಾರಕ್ಕೊಂದೇ.

ಸೇಫ್ಟಿಕಣ್ಣು: ಸಂಪ್ ಬಾಯಲ್ಲಿ ನಿಲ್ಲೋ ಅಟೆಂಡೆಂಟ್ ಹೆಸರು ಅದರಲ್ಲಿ ಬರೀಬೇಕಲ್ಲ. ವಾರಪೂರ್ತಿ, ಹಗಲೂ ರಾತ್ರಿ ಅವನೊಬ್ಬನೇ ನಿಲ್ತಾನಾ?

ಫೋರ್‌ಮನ್_ಕಟ್ಟೆ: ಹೆಸರಿನ ಜಾಗ ಖಾಲಿ ಬಿಟ್ರೆ ಆಯ್ತಪ್ಪ.

ಗ್ಯಾಸ್‌ಮೀಟರ್: ಈ ಮಾತನ್ನ ಡಿಲೀಟ್ ಮಾಡ್ಬೇಡಿ, ಇರಲಿ.